ಹಳ್ಳಿಮೈಸೂರಿನಿಂದ ಕಿದ್ವಾಯಿಗೆ: ಮಕ್ಕಳ ಕ್ಯಾನ್ಸರ್ ಚಿಕಿತ್ಸೆ ಬೆಳೆದು ಬಂದ ದಾರಿ

ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ದಿನ ವೈದ್ಯರು ಎಷ್ಟೋ ಮಾತು ಹೇಳುತ್ತಾರೆ. ಹೆತ್ತವರ ಕಿವಿಗೆ ಬೀಳುವುದು ರೋಗದ ಹೆಸರು ಮಾತ್ರ. ಚಿಕಿತ್ಸೆ ಎರಡರಿಂದ ಎರಡೂವರೆ ವರ್ಷ ನಡೆಯುತ್ತದೆ ಎಂಬುದು ತಲೆಗಿಳಿಯಲು ಇನ್ನೂ ಕೆಲವು ದಿನ ಬೇಕು. ಹಾಸನ ಜಿಲ್ಲೆ ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು ಹೋಬಳಿಯಲ್ಲಿ ಆ ಅವಧಿಯನ್ನು ಬೆಳೆಯ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾದೀತು: ಎರಡು ಬೆಳೆ ಹೊಗೆಸೊಪ್ಪು, ಎರಡು ಬೆಳೆ ಶುಂಠಿ, ಎರಡು ಸುಗ್ಗಿಯ ರಾಗಿ. ಅಷ್ಟೂ ಕಾಲ ಮನೆಯ ಒಬ್ಬರು, ಹೆಚ್ಚಾಗಿ ತಾಯಿ, ಇನ್ನೂರು ಕಿಲೊಮೀಟರ್ ಆಸುಪಾಸಿನ ಬೆಂಗಳೂರಿಗೂ ಊರಿಗೂ ಓಡಾಡುತ್ತಲೇ ಇರಬೇಕು.

ಈ ರೋಗ ವಾಸಿಯಾಗುತ್ತದೆ. ಮೊದಲು ಹೇಳಬೇಕಾದ ಮಾತು ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ, ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಅವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ಹಲವು ದೇಶಗಳಲ್ಲಿ ಈ ಪ್ರಮಾಣ ಶೇ 30ಕ್ಕಿಂತ ಕಡಿಮೆ. ರಕ್ತದ ಕ್ಯಾನ್ಸರಿಗೆ ಬಳಸುವ ಮುಖ್ಯ ಔಷಧಿಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಅವುಗಳಲ್ಲಿ ಹಲವು ಹಳೆಯವು, ಭಾರತದಲ್ಲೇ ತಯಾರಾಗುವಂಥವು. ಹಾಗಿದ್ದೂ ಈ ಅಂತರ ಏಕೆ? ಔಷಧಿ ಹುಟ್ಟಿದ ಕಥೆ ಒಂದು, ಅದು ಮಗುವಿನವರೆಗೆ ಬಂದು ಮುಟ್ಟಿದ ಕಥೆ ಇನ್ನೊಂದು. ಎರಡನೆಯದು ಹೆಚ್ಚು ನಿಧಾನವಾಗಿ ನಡೆಯಿತು, ಈಗಲೂ ನಡೆಯುತ್ತಿದೆ.

ಮೊದಲನೆಯ ಕಥೆಯಲ್ಲಿ ಭಾರತದ ಪಾಲು ದೊಡ್ಡದು. 1928ರಲ್ಲಿ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಮುಂಬೈಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರಿಗೆ ಬರುತ್ತಿದ್ದ ತೀವ್ರ ರಕ್ತಹೀನತೆಯ ಬೆನ್ನುಹತ್ತಿ, ಯೀಸ್ಟ್‌ನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ಪದಾರ್ಥ ಅದನ್ನು ವಾಸಿ ಮಾಡುತ್ತದೆ ಎಂದು ತೋರಿಸಿದರು. ಅದರೊಳಗಿನ ಅಂಶಕ್ಕೆ ಮುಂದೆ ಫೋಲಿಕ್ ಆಸಿಡ್ ಎಂದು ಹೆಸರಾಯಿತು. ಇಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಬಸುರಿಯರಿಗೆ ಕೊಡುವ ಕಬ್ಬಿಣಾಂಶದ ಗುಳಿಗೆಯಲ್ಲಿ ಇರುವುದೂ ಅದೇ.

ಅಮೆರಿಕದ ಬಾಸ್ಟನ್ನಿನಲ್ಲಿ ಮಕ್ಕಳ ರೋಗಶಾಸ್ತ್ರಜ್ಞ ಸಿಡ್ನಿ ಫಾರ್ಬರ್ ಆ ಫೋಲಿಕ್ ಆಸಿಡ್ಡನ್ನು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟು ನೋಡಿದರು. ರೋಗ ಇಳಿಯುವ ಬದಲು ಏರಿತು. ಹಾಗಾದರೆ ಅದನ್ನು ತಡೆಯುವ ವಸ್ತು ಕೊಟ್ಟರೆ ರೋಗವೂ ಕುಗ್ಗಬಹುದಲ್ಲವೇ ಎಂದು ಅವರು ಯೋಚಿಸಿದರು. ಅಂಥ ವಸ್ತು ಸಿಕ್ಕಿದ್ದು ಲೆಡರ್ಲೆ ಪ್ರಯೋಗಾಲಯದಲ್ಲಿ. ಅಲ್ಲಿ ಸಂಶೋಧನೆಯ ನೇತೃತ್ವ ವಹಿಸಿದ್ದವರು ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ತಮ್ಮ ಸಹೋದರರನ್ನು ಕಳೆದುಕೊಂಡು, ತಾವೂ ಅದರಿಂದ ನರಳಿ, ಸಮುದ್ರ ದಾಟಿ ಹೋಗಿದ್ದವರು ಅವರು. ಅವರ ತಂಡ ತಯಾರಿಸಿದ ಅಮಿನೋಪ್ಟೆರಿನ್ ಅನ್ನು ಫಾರ್ಬರ್ 1947ರ ಕೊನೆಯಲ್ಲಿ ಮಕ್ಕಳಿಗೆ ಕೊಡಲು ಆರಂಭಿಸಿದರು. 1948ರ ಜೂನ್‌ನಲ್ಲಿ ಪ್ರಕಟವಾದ ವರದಿಯಂತೆ 16 ಮಕ್ಕಳಲ್ಲಿ 10 ಮಕ್ಕಳ ರೋಗ ಹಿಮ್ಮೆಟ್ಟಿತ್ತು. ಅದು ಕೆಲವೇ ತಿಂಗಳ ಮಾತು, ರೋಗ ಮರಳಿ ಬಂತು. ಆದರೂ ಅದುವರೆಗೆ ವಾರಗಳಲ್ಲಿ ಸಾಯುತ್ತಿದ್ದ ಮಕ್ಕಳು ಎದ್ದು ಆಡಿದ್ದನ್ನು ಜಗತ್ತು ಮೊದಲ ಬಾರಿಗೆ ನೋಡಿತು. ಸುಬ್ಬರಾವ್ ಅದೇ ವರ್ಷದ ಆಗಸ್ಟಿನಲ್ಲಿ, 53ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಔಷಧಿಯ ಒಡಹುಟ್ಟು ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳಿಗೆ ಬೆನ್ನಿನ ಸೂಜಿಯಲ್ಲಿ, ವಾರಕ್ಕೊಮ್ಮೆಯ ಗುಳಿಗೆಯಲ್ಲಿ ಹೋಗುತ್ತಲೇ ಇದೆ.

ಮುಂದಿನ ಹದಿನೈದು ವರ್ಷಗಳಲ್ಲಿ ಜೊತೆಗಾರರು ಒಬ್ಬೊಬ್ಬರಾಗಿ ಬಂದರು. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ರೂಪಿಸಿದ ಮರ್ಕ್ಯಾಪ್ಟೊಪ್ಯೂರಿನ್, ಸ್ಟೀರಾಯ್ಡ್‌ಗಳು, ಅವುಗಳ ನಂತರ ವಿಂಕ್ರಿಸ್ಟಿನ್. ಈ ಕೊನೆಯದು ನಮ್ಮ ಹಿತ್ತಲಲ್ಲಿ, ಬೇಲಿ ಬದಿಯಲ್ಲಿ ನೀರು ಕೇಳದೆ ಹೂ ಬಿಡುವ ಕಾಶಿಕಣಗಿಲೆ ಗಿಡದಿಂದ ಬಂದದ್ದು. ಎಲೆಯನ್ನು ಅರೆದು ಕುಡಿದರೆ ಕ್ಯಾನ್ಸರ್ ಹೋಗುತ್ತದೆ ಎಂದು ಯಾರೂ ತಿಳಿಯಬಾರದು. ಒಂದು ಗ್ರಾಂ ಔಷಧಿಗೆ ನೂರಾರು ಕಿಲೊ ಒಣ ಎಲೆ ಬೇಕು, ಶುದ್ಧಗೊಳಿಸದ ರಸ ವಿಷ. ಒಂದೊಂದೇ ಔಷಧಿ ಸೋತ ಕಡೆ ಎಲ್ಲವನ್ನೂ ಸೇರಿಸಿ ಕೊಟ್ಟರೆ ಗೆಲ್ಲಬಹುದು ಎಂಬುದನ್ನು ಅಮೆರಿಕದ ಮೆಂಫಿಸ್‌ನಲ್ಲಿ 1962ರಲ್ಲಿ ತೆರೆದ ಸೇಂಟ್ ಜೂಡ್ ಆಸ್ಪತ್ರೆಯ ಡೊನಾಲ್ಡ್ ಪಿಂಕೆಲ್ ತೋರಿಸಿಕೊಟ್ಟರು. 1960ರ ದಶಕ ಮುಗಿಯುವ ಹೊತ್ತಿಗೆ ಅವರ ಕ್ರಮದಲ್ಲಿ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಪೂರ್ಣ ಗುಣವಾಗುವ ಹಾದಿಯಲ್ಲಿದ್ದರು.

ಅದೇ ಕಾಲದಲ್ಲಿ ಹಾಸನ ಜಿಲ್ಲೆಯ ಮಗುವೊಂದಕ್ಕೆ ಈ ರೋಗ ಬಂದಿದ್ದರೆ ಕರೆದೊಯ್ಯಲು ರಾಜ್ಯದಲ್ಲಿ ಅದಕ್ಕೆಂದೇ ಕಟ್ಟಿದ ಸರ್ಕಾರಿ ಆಸ್ಪತ್ರೆ ಇರಲಿಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲೇ ಬಾಗಿಲು ತೆರೆದಿತ್ತು, ಮದ್ರಾಸಿನ ಅಡ್ಯಾರಿನಲ್ಲಿ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಇತ್ತು. ಅಲ್ಲಿಗೆ ಹೋಗುವಷ್ಟು ಕೈಯಲ್ಲಿದ್ದವರು ಎಷ್ಟು ಮಂದಿ?

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಉದ್ಘಾಟನೆಯಾದದ್ದು 1973ರ ಜೂನ್ 26ರಂದು. ಹೆಸರು ಸ್ವಾತಂತ್ರ್ಯ ಹೋರಾಟಗಾರ, ನೆಹರೂ ಸಂಪುಟದ ಸಚಿವ ರಫಿ ಅಹಮದ್ ಕಿದ್ವಾಯಿ ಅವರದು. ಅವರ ಸ್ಮಾರಕ ಸಮಿತಿ ಒಂದು ಲಕ್ಷ ರೂಪಾಯಿ ಕೊಟ್ಟಿತ್ತು, ರಾಜ್ಯ ಸರ್ಕಾರ 20 ಎಕರೆ ಜಾಗ ಕೊಟ್ಟಿತ್ತು. ಸ್ಥಾಪಕ ನಿರ್ದೇಶಕ ಡಾ. ಎಂ. ಕೃಷ್ಣಭಾರ್ಗವ. 1980ರಲ್ಲಿ ಸಂಸ್ಥೆ ಸ್ವಾಯತ್ತವಾಯಿತು, ಕೇಂದ್ರ ಸರ್ಕಾರ ಅದನ್ನು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂದು ಮಾನ್ಯ ಮಾಡಿತು. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್‌ ಪಕ್ಕದ ಆ ಆವರಣ ಅಂದಿನಿಂದ ರಾಜ್ಯದ ಬಡವರಿಗೆ ಕ್ಯಾನ್ಸರ್ ಎಂದರೆ ನೆನಪಾಗುವ ವಿಳಾಸ. ಆಂಧ್ರ, ತಮಿಳುನಾಡಿನ ಗಡಿ ಜಿಲ್ಲೆಗಳವರೂ ಅಲ್ಲಿಗೇ ಬರುತ್ತಾರೆ. ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗ, ಪ್ರತ್ಯೇಕ ವಾರ್ಡು, ಮಕ್ಕಳ ಕ್ಯಾನ್ಸರಿನಲ್ಲೇ ತಜ್ಞರಾಗುವ ವೈದ್ಯರಿಗೆ ಡಿಎಂ ಪದವಿ, ಇತ್ತೀಚೆಗೆ ಅಸ್ಥಿಮಜ್ಜೆ ಕಸಿ ಘಟಕ: ಇವೆಲ್ಲ ಮುಂದಿನ ದಶಕಗಳಲ್ಲಿ ಒಂದರ ಹಿಂದೆ ಒಂದು ಸೇರಿಕೊಂಡವು. ಮಕ್ಕಳ ವಾರ್ಡು ಬೇರೆ ಇರಬೇಕು ಎಂಬುದು ಈಗ ಸಹಜ ಎನ್ನಿಸುತ್ತದೆ. ನಾಲ್ಕು ವರ್ಷದ ಮಗುವಿಗೆ ಡೋಸು ಬೇರೆ, ಸೂಜಿ ಬೇರೆ, ಭಯವೂ ಬೇರೆ. ಬಾಯಿ ಕ್ಯಾನ್ಸರಿನ ಹಿರಿಯರ ಮಧ್ಯೆ ಮಲಗಿಸಿದ ಮಗು ಅರ್ಧ ಧೈರ್ಯವನ್ನು ಅಲ್ಲೇ ಕಳೆದುಕೊಳ್ಳುತ್ತದೆ.

ಆಸ್ಪತ್ರೆ ಕಟ್ಟಿದ ಮೇಲೆ ಎಣಿಕೆ ಬಂತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕ್ಯಾನ್ಸರ್ ನೋಂದಣಿ ಯೋಜನೆ ಆರಂಭಿಸಿದಾಗ ಜನಸಂಖ್ಯೆ ಆಧಾರಿತ ಮೂರು ಕೇಂದ್ರಗಳಲ್ಲಿ ಬೆಂಗಳೂರೂ ಒಂದು. 1982ರ ಜನವರಿಯಿಂದ ಕಿದ್ವಾಯಿಯಲ್ಲಿ ಲೆಕ್ಕ ಬರೆಯುವ ಕೆಲಸ ನಡೆಯಿತು. ಆದರೆ ಆ ಎಣಿಕೆ ಬೆಂಗಳೂರು ನಗರಕ್ಕೆ ಸೇರಿದ್ದು. ಹಾಸನ ಜಿಲ್ಲೆಯ ಮಗು ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಆಸ್ಪತ್ರೆಯ ದಾಖಲೆಗೆ ಸಿಗುತ್ತದೆ. ಊರಲ್ಲೇ 'ಜ್ವರ ಬಂದು ಹೋಯಿತು' ಎಂದು ಮಣ್ಣು ಮಾಡಿದ ಮಗು ಯಾವ ಪುಸ್ತಕದಲ್ಲೂ ಕ್ಯಾನ್ಸರಿನ ಹೆಸರಿನಲ್ಲಿ ಇರುವುದಿಲ್ಲ. ಎಣಿಸದ ಮಗುವಿಗೆ ಯೋಜನೆಯೂ ಬರುವುದಿಲ್ಲ.

1984 ಈ ಕಥೆಯ ದೊಡ್ಡ ತಿರುವು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಇಯಾನ್ ಮ್ಯಾಗ್ರಾತ್ ಅವರ ಜೊತೆ ಸೇರಿ ಮುಂಬೈಯ ಟಾಟಾ, ಚೆನ್ನೈಯ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ದೆಹಲಿಯ ಏಮ್ಸ್ ಮೂರೂ ಒಂದೇ ಚಿಕಿತ್ಸಾ ಕ್ರಮವನ್ನು ಒಪ್ಪಿಕೊಂಡವು. ಅದರ ಹೆಸರು ಎಂಸಿಪಿ 841. ಅಮೆರಿಕದ ಕ್ರಮವನ್ನು ಹಾಗೆಯೇ ತಂದು ಇಳಿಸದೆ, ಇಲ್ಲಿನ ಆಸ್ಪತ್ರೆಗಳು ನಿಭಾಯಿಸಬಲ್ಲಷ್ಟು ಸರಳವಾಗಿ, ಇಲ್ಲಿನ ಮಕ್ಕಳ ಮೈ ತಡೆಯುವಷ್ಟು ತೀವ್ರವಾಗಿ ಅದನ್ನು ಜೋಡಿಸಲಾಗಿತ್ತು. ಅದಕ್ಕೆ ಮುಂಚೆ ಐವರಲ್ಲಿ ಒಬ್ಬ ಮಗು ಉಳಿಯುತ್ತಿದ್ದ ಕಡೆ, ಇಪ್ಪತ್ತು ವರ್ಷಗಳ ಅನುಭವವನ್ನು 2005ರಲ್ಲಿ ಪ್ರಕಟಿಸಿದಾಗ ಕೇಂದ್ರದಿಂದ ಕೇಂದ್ರಕ್ಕೆ ಶೇ 45ರಿಂದ 60ರವರೆಗೆ ಮಕ್ಕಳು ರೋಗ ಮರುಕಳಿಸದೆ ಉಳಿದಿದ್ದರು. ದೇಶದ ಬೇರೆ ಆಸ್ಪತ್ರೆಗಳೂ ಆ ಕ್ರಮವನ್ನು ಹಿಡಿದವು. ಒಬ್ಬ ವೈದ್ಯರ ಜಾಣತನಕ್ಕೆ ಬಿಡದೆ, ಯಾವ ದಿನ ಯಾವ ಔಷಧಿ ಎಂದು ಬರೆದಿಟ್ಟ ಹಾಳೆಯನ್ನು ಎಲ್ಲರೂ ಪಾಲಿಸಿದ್ದೇ ಅದರ ಬಲ.

ಹಾಳೆಯನ್ನು ಆಸ್ಪತ್ರೆ ಪಾಲಿಸಬಹುದು. ಮನೆಯವರು ಎರಡೂವರೆ ವರ್ಷ ಪಾಲಿಸುವುದು ಹೇಗೆ?

ಮಕ್ಕಳ ಕ್ಯಾನ್ಸರ್ ಚಿಕಿತ್ಸೆಯಲ್ಲಿ ವೈದ್ಯರು ಅತಿ ಹೆಚ್ಚು ನೋಯುವ ಸಂಗತಿ ಇದು: ಗುಣವಾಗುತ್ತಿದ್ದ ಮಗುವನ್ನು ನಡುವೆಯೇ ಮನೆಗೆ ಕರೆದೊಯ್ದು ಮತ್ತೆ ಬಾರದೇ ಇರುವುದು. ರಕ್ತದ ಕ್ಯಾನ್ಸರಿನಲ್ಲಿ ಮೊದಲ ತಿಂಗಳ ಕೀಮೋ ಮುಗಿಯುವ ಹೊತ್ತಿಗೆ ಬಹುಪಾಲು ಮಕ್ಕಳ ರಕ್ತದಲ್ಲಿ ರೋಗ ಕಾಣಿಸುವುದಿಲ್ಲ. ಜ್ವರ ಇಳಿದಿರುತ್ತದೆ, ಮಗು ಓಡಾಡುತ್ತದೆ, ಮುದ್ದೆ ಉಣ್ಣುತ್ತದೆ. ಕೂದಲು ಉದುರಿಸಿ, ಬಾಯಿ ಹುಣ್ಣಾಗಿಸಿ, ವಾಂತಿ ತರಿಸಿದ ಔಷಧಿಯನ್ನು ಮತ್ತೆ ಏಕೆ ಕೊಡಿಸಬೇಕು ಎಂದು ಅಜ್ಜಿ ಕೇಳಿದರೆ ತಾಯಿಯ ಬಳಿ ಉತ್ತರವಿರುವುದಿಲ್ಲ. ಜೊತೆಗೆ ಹೊಗೆಸೊಪ್ಪು ಬೇಯಿಸುವ ಕಾಲ ಬಂದಿರುತ್ತದೆ. ಡೈರಿಗೆ ಹಾಲು ಹಾಕುವವರಿಲ್ಲ. ಇನ್ನೊಂದು ಮಗು ಪಕ್ಕದ ಮನೆಯಲ್ಲಿ ಉಣ್ಣುತ್ತಿದೆ. ಕಣ್ಣಿಗೆ ಕಾಣದೆ ಉಳಿದ ರೋಗಕಣಗಳಿಗೆ ಈ ಕಷ್ಟಗಳ ಅರಿವಿಲ್ಲ. ಔಷಧಿ ನಿಂತರೆ ಅವು ಬೆಳೆಯುತ್ತವೆ, ಎರಡನೇ ಸಲ ಬಂದ ರೋಗ ಮೊದಲಿನಷ್ಟು ಬಗ್ಗುವುದಿಲ್ಲ. ಹಾಗೆ ನಡುವೆ ಬಿಟ್ಟು ಹೋದ ತಂದೆತಾಯಿಯನ್ನು ಅಜ್ಞಾನಿಗಳೆಂದು ಬೈಯುವುದು ಸುಲಭ. ಅವರಲ್ಲಿ ಹೆಚ್ಚಿನವರು ಹಣ, ದೂರ, ದನಕರು, ಉಳಿದ ಮಕ್ಕಳು ಎಲ್ಲವನ್ನೂ ತೂಗಿ ಸೋತವರು.

ಆದ್ದರಿಂದಲೇ ಕಳೆದ ಇಪ್ಪತ್ತು ವರ್ಷಗಳಲ್ಲಿ ಮಕ್ಕಳನ್ನು ಉಳಿಸಿದ ಸಂಗತಿಗಳ ಪಟ್ಟಿಯಲ್ಲಿ ಸರ್ಕಾರಿ ಕಾರ್ಡುಗಳನ್ನೂ ಧರ್ಮಶಾಲೆಗಳನ್ನೂ ಔಷಧಿಯ ಪಕ್ಕದಲ್ಲೇ ಬರೆಯಬೇಕು. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಬಂದ ಯಶಸ್ವಿನಿ ದೊಡ್ಡ ಹೆಜ್ಜೆಯಾಗಿತ್ತು, ಆದರೆ ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗಳ ಯೋಜನೆ. ಕ್ಯಾನ್ಸರಿಗೆ ನೆರವಾದದ್ದು 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಶುರುವಾದ ವಾಜಪೇಯಿ ಆರೋಗ್ಯಶ್ರೀ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ, ಅಗತ್ಯ ಬಿದ್ದರೆ ಇನ್ನೂ 50,000 ರೂಪಾಯಿ. ಅದು ಮೈಸೂರು ವಿಭಾಗಕ್ಕೆ, ಎಂದರೆ ಹಾಸನ ಜಿಲ್ಲೆಗೂ, ಬಂದು ತಲುಪಲು ಮತ್ತಷ್ಟು ಕಾಲ ಹಿಡಿಯಿತು. 2018ರಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಆಯುಷ್ಮಾನ್ ಭಾರತದ ಜೊತೆ ಸೇರಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಎಂದಾಯಿತು. ಕೀಮೋಗಾಗಿ ಜಮೀನು ಅಡವಿಡುವ ಸ್ಥಿತಿ ಇದರಿಂದ ಎಷ್ಟೋ ಮನೆಗಳಿಗೆ ತಪ್ಪಿತು.

ಕಾರ್ಡು ಆಸ್ಪತ್ರೆಯ ಬಿಲ್ಲು ಕಟ್ಟುತ್ತದೆ. ಬಸ್ಸಿನ ಚಾರ್ಜು, ಹೋಟೆಲಿನ ಇಡ್ಲಿ, ತಪ್ಪಿದ ಕೂಲಿ ಅದರ ಲೆಕ್ಕದಲ್ಲಿ ಇಲ್ಲ. ಕಿದ್ವಾಯಿ ಆವರಣದಲ್ಲಿ ಇನ್ಫೊಸಿಸ್ ಪ್ರತಿಷ್ಠಾನ ಕಟ್ಟಿಸಿದ ಧರ್ಮಶಾಲೆ ದೂರದ ಊರಿನವರಿಗೆ ತಲೆಯ ಮೇಲೆ ಸೂರು ಕೊಟ್ಟಿತು. ಅದೇ ಪ್ರತಿಷ್ಠಾನದ ನೆರವಿನಿಂದ ಹೊರರೋಗಿ ವಿಭಾಗಕ್ಕೆ ಹೊಸ ಕಟ್ಟಡವೂ ಬಂತು. ಶಾಲೆ ಬಿಟ್ಟು ತಿಂಗಳುಗಟ್ಟಲೆ ಹಾಸಿಗೆಯಲ್ಲಿರುವ ಮಕ್ಕಳಿಗೆ ಸಮೀಕ್ಷಾ ಪ್ರತಿಷ್ಠಾನದವರು ಆಸ್ಪತ್ರೆಯಲ್ಲೇ ಪಾಠ ಹೇಳಿಕೊಟ್ಟಿದ್ದಾರೆ. ಪಾಠ ಎಂದರೆ ಸಣ್ಣ ಸಂಗತಿಯಲ್ಲ. ಮುಂದಿನ ವರ್ಷ ಮೂರನೇ ತರಗತಿಗೆ ಹೋಗುತ್ತೀಯ ಎಂದು ಹೇಳುವವರು ಮಗುವಿಗೆ ಮುಂದಿನ ವರ್ಷ ಇದೆ ಎಂದೇ ಹೇಳುತ್ತಿರುತ್ತಾರೆ.

ರೈಲಿನ ಪಾಲೂ ಇದೆ. ಹಾಸನದಿಂದ ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ನೇರ ಮಾರ್ಗ 2017ರ ಮಾರ್ಚ್ 26ರಂದು ತೆರೆಯಿತು. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆ ಹೋಗಿಬರಲು ರೈಲ್ವೆಯಲ್ಲಿ ಸ್ಲೀಪರ್ ಮತ್ತು 3-ಟಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಯವರಿಗೆ ಶೇ 75ರಷ್ಟು ರಿಯಾಯಿತಿ ಇದೆ. ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಇದು ಗೊತ್ತಿಲ್ಲದೆ ಕಿಕ್ಕಿರಿದ ಬಸ್ಸಿನಲ್ಲಿ, ಕೌಂಟ್ಸ್ ಬಿದ್ದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುವವರು ಇನ್ನೂ ಇದ್ದಾರೆ.

ಕೌಂಟ್ಸ್. ಈ ದಾರಿ ತುಳಿದ ಪ್ರತಿ ತಾಯಿಯೂ ಕಲಿಯುವ ಪದ ಇದು. ಕೀಮೋ ರೋಗದ ಜೊತೆಗೆ ರಕ್ತದ ಬಿಳಿಕಣಗಳನ್ನೂ ಕೊಲ್ಲುತ್ತದೆ. ಅವುಗಳ ಎಣಿಕೆ, ಎಂದರೆ ಕೌಂಟ್ಸ್, ಬಿದ್ದ ದಿನಗಳಲ್ಲಿ ಮಗುವಿಗೆ ಜ್ವರ ಬಂದರೆ ಅದು ತುರ್ತು. ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯಾಟಿಕ್ ಹೋಗಬೇಕು ಎಂಬುದು ಎಲ್ಲ ಕಡೆ ಒಪ್ಪಿದ ನಿಯಮ. ರಾತ್ರಿ ಹತ್ತಕ್ಕೆ ಹಳ್ಳಿಮೈಸೂರಿನ ಮನೆಯಲ್ಲಿ ಮಗುವಿನ ಮೈ ಸುಡತೊಡಗಿದರೆ ಬೆಂಗಳೂರಿಗೆ ನಾಲ್ಕೈದು ಗಂಟೆಯ ದಾರಿ. ಕ್ಯಾನ್ಸರಿನಿಂದ ಪಾರಾಗುತ್ತಿದ್ದ ಮಕ್ಕಳನ್ನು ನಮ್ಮ ದೇಶ ಕಳೆದುಕೊಳ್ಳುವುದು ಹೆಚ್ಚಾಗಿ ಇಂಥ ಸೋಂಕಿಗೆ. ಇಲ್ಲಿ ಬೇಕಾಗಿರುವುದು ಕೋಟಿ ಬೆಲೆಯ ಯಂತ್ರವಲ್ಲ. ಮಗುವಿನ ಫೈಲ್ ನೋಡಿ, ಕಿದ್ವಾಯಿಗೆ ಫೋನು ಮಾಡಿ, ಮೊದಲ ಡೋಸನ್ನು ಅಲ್ಲೇ ಕೊಟ್ಟು ಆಂಬುಲೆನ್ಸ್ ಹತ್ತಿಸುವ ಧೈರ್ಯ ಮತ್ತು ಲಿಖಿತ ನಿಯಮ ತಾಲ್ಲೂಕು ಆಸ್ಪತ್ರೆಗೆ ಬೇಕು. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಅಲ್ಲಿ ಮಕ್ಕಳ ವಿಭಾಗ ಇದೆ. ಗುಳಿಗೆಯ ಹಂತಕ್ಕೆ ಬಂದ ಮಕ್ಕಳ ರಕ್ತಪರೀಕ್ಷೆ, ಡೋಸಿನ ಹೊಂದಾಣಿಕೆ, ಜ್ವರದ ಆರೈಕೆ ಹಾಸನದಲ್ಲೇ ನಡೆದು, ಬೆಂಗಳೂರಿಗೆ ದೊಡ್ಡ ಚಿಕಿತ್ಸೆಗಷ್ಟೇ ಹೋಗುವಂತಾದರೆ ನಡುವೆ ಬಿಟ್ಟು ಹೋಗುವ ಮನೆಗಳ ಸಂಖ್ಯೆ ಖಂಡಿತ ಇಳಿಯುತ್ತದೆ. ಈ ಬರಹ ಕೇಳುವ ಮುಖ್ಯ ಸಂಗತಿ ಇದು. ಜಿಲ್ಲೆಯ ಜನಪ್ರತಿನಿಧಿಗಳು ಹೊಸ ಕಟ್ಟಡಕ್ಕಿಂತ ಮೊದಲು ಇದನ್ನು ಕೇಳಲಿ.

ವಾಸಿಯಾಗದ ಮಕ್ಕಳೂ ಇದ್ದಾರೆ. ಅವರ ನೋವಿಗೆ ಮಾರ್ಫಿನ್ ಬೇಕು. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದಾಗಿ ಅದು ಆಸ್ಪತ್ರೆಗಳಿಗೇ ಸಿಗದ ಕಾಲವಿತ್ತು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ನೋವಿಲ್ಲದೆ ಇರುವುದು ಗುಣವಾಗದ ಮಗುವಿನ ಹಕ್ಕು.

ಉಳಿದದ್ದು ರೋಗ ಗುರುತಿಸುವ ಮಾತು. ಮಕ್ಕಳ ಕ್ಯಾನ್ಸರಿಗೆ ಹೊಗೆಸೊಪ್ಪು, ಗುಟ್ಕಾದಂಥ ಕಾರಣ ಹುಡುಕಿ ಪ್ರಯೋಜನವಿಲ್ಲ. ತಾಯಿ ತಿಂದದ್ದು, ತಂದೆ ಮಾಡಿದ್ದು ಯಾವುದೂ ಬಹುಪಾಲು ಮಕ್ಕಳಲ್ಲಿ ಇದಕ್ಕೆ ಕಾರಣವಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ತಡೆಯಲಾಗದ ರೋಗವನ್ನು ಬೇಗ ಹಿಡಿಯುವುದೊಂದೇ ದಾರಿ. ಎರಡು ವಾರ ಕಳೆದರೂ ಬಿಡದ ಜ್ವರ, ದಿನೇದಿನೇ ಬಿಳಿಚಿಕೊಳ್ಳುವ ಮುಖ, ಏಟು ಬೀಳದೆ ಮೂಡುವ ನೀಲಿ ಕಲೆ, ವಸಡಿನ ರಕ್ತ, ಕಾಲು ನೋವೆಂದು ನಡೆಯಲು ಒಲ್ಲದ ಮಗು, ಕುತ್ತಿಗೆಯ ಗಂಟು, ಸ್ನಾನ ಮಾಡಿಸುವಾಗ ಹೊಟ್ಟೆಯಲ್ಲಿ ಕೈಗೆ ಸಿಗುವ ಗಡ್ಡೆ, ಬೆಳಿಗ್ಗೆ ಎದ್ದೊಡನೆ ತಲೆನೋವು ಮತ್ತು ವಾಂತಿ, ಫೋಟೊದಲ್ಲಿ ಬೆಳ್ಳಗೆ ಹೊಳೆಯುವ ಕಣ್ಣಪಾಪೆ. ಇವೆಲ್ಲ ಕ್ಯಾನ್ಸರೇ ಎಂದಲ್ಲ, ಹೆಚ್ಚಿನವು ಬೇರೆ ಕಾಯಿಲೆಗಳೇ ಆಗಿರುತ್ತವೆ. ಆದರೆ ಮೊದಲ ಅನುಮಾನಕ್ಕೆ ಬೇಕಾದ ಸಿಬಿಸಿ ರಕ್ತಪರೀಕ್ಷೆ ಅರಕಲಗೂಡಿನಲ್ಲೂ ಹೊಳೆನರಸೀಪುರದಲ್ಲೂ ಆಗುತ್ತದೆ. ಆ ಪರೀಕ್ಷೆಗೆ ಮುಂಚೆಯೇ ಜ್ವರಕ್ಕೆ, ಕೀಲುನೋವಿಗೆ ಎಂದು ಸ್ಟೀರಾಯ್ಡ್ ಸೂಜಿ ಚುಚ್ಚಿಸಬಾರದು. ಅದು ರಕ್ತದ ಕ್ಯಾನ್ಸರನ್ನು ಕೆಲವು ವಾರ ಅಡಗಿಸಿ, ಪತ್ತೆಯನ್ನೂ ಮುಂದಿನ ಚಿಕಿತ್ಸೆಯನ್ನೂ ಕಷ್ಟವಾಗಿಸುತ್ತದೆ. 2013ರಿಂದ ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡಗಳ ಪಟ್ಟಿಯಲ್ಲಿ ತೀವ್ರ ರಕ್ತಹೀನತೆ ಇದೆ. ಗುಳಿಗೆಗೆ ಬಗ್ಗದ ರಕ್ತಹೀನತೆ ಕಂಡರೆ ಅಲ್ಲಿಗೆ ನಿಲ್ಲಿಸದೆ ಹಾಸನಕ್ಕೆ ಕಳಿಸುವ ಕೆಲಸ ಅವರಿಂದಲೇ ಆಗಬಹುದು.

ಇನ್ನೊಂದು ಕೆಲಸ ಓದುಗರದು. ಕೀಮೋ ಪಡೆಯುವ ಮಗುವಿಗೆ ಪ್ಲೇಟ್‌ಲೆಟ್ ಮೇಲಿಂದ ಮೇಲೆ ಬೇಕಾಗುತ್ತದೆ, ಬೆಂಗಳೂರಿನಲ್ಲಿ ಯಾರೂ ಪರಿಚಯವಿಲ್ಲದ ತಂದೆ ವಾರ್ಡಿನಿಂದ ವಾರ್ಡಿಗೆ ದಾನಿಗಳನ್ನು ಹುಡುಕುತ್ತಾನೆ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರದಿಂದ ಹೋಗಿ ಆ ನಗರದಲ್ಲಿ ಓದುತ್ತಿರುವ, ದುಡಿಯುತ್ತಿರುವ ಯುವಕ ಯುವತಿಯರು ಸಾವಿರಾರು. 18 ದಾಟಿದ, 50 ಕಿಲೊಗಿಂತ ಹೆಚ್ಚು ತೂಕದ, ಆರೋಗ್ಯವಂತರಾದ ಅವರು ರಕ್ತನಿಧಿಯಲ್ಲಿ ಹೆಸರು, ರಕ್ತದ ಗುಂಪು ಬರೆಸಿಟ್ಟರೆ ಸಾಕು. ಕರೆ ಬಂದ ದಿನ ಎರಡು ಗಂಟೆ ಬಿಡುವು ಮಾಡಿಕೊಳ್ಳಬೇಕು. ಪ್ಲೇಟ್‌ಲೆಟ್‌ಗಳನ್ನು ಐದು ದಿನಕ್ಕಿಂತ ಹೆಚ್ಚು ಇಡಲಾಗದು.